ಘಟ್ಟ ಇಳಿಯುವಾಗಲೇ ಕಿವಿ ಕಟ್ಟುತ್ತದೆ. ನೇತ್ರಾಣಿಯಲ್ಲಿ ಸ್ಕೂಬಾ ಮಾಡಬಹುದೇ?

ಶರಾವತಿ ಟೀಚರ್ (ನವೆಂಬರ್ 18)

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ವಯಸ್ಸು ನಲವತ್ತೇಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಡಿಸೆಂಬರ್ ಮೂರನೆಯ ವಾರಕ್ಕೆ ಮುರುಡೇಶ್ವರದ ಕಡಲಿನಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್‌ಗೆಂದು ಮೂವರಿಗೂ ಮುಂಗಡ ಕಟ್ಟಿದ್ದಾಳೆ. ಅವಳು, ನಾನು ಮತ್ತು ನನ್ನ ಅಣ್ಣ.

ನನಗೆ ಹೋಗುವ ಆಸೆ ಬಹಳ ಇದೆ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಹವಳದ ಬಗ್ಗೆ ಹೇಳುತ್ತಿದ್ದೇನೆ. ನಾನು ಕಂಡದ್ದು ಪುಸ್ತಕದ ಚಿತ್ರ ಮತ್ತು ಪ್ರಯೋಗಾಲಯದ ಬಾಟಲಿಯಲ್ಲಿರುವ ಒಂದು ಸತ್ತ ತುಂಡು, ಅಷ್ಟೇ. ಜೀವಂತ ಹವಳ ನಮ್ಮ ಊರಿನಿಂದ ಮೂರು ಗಂಟೆಯ ದಾರಿಯಲ್ಲಿದೆ ಎಂದು ತಿಳಿದೂ ನೋಡದೆ ಇರುವುದು ನನಗೆ ಸಮಾಧಾನ ತರುವುದಿಲ್ಲ.

ಆದರೆ ಕೆಲವು ಆತಂಕಗಳಿವೆ. ನನಗೆ ಈಜು ಬರುವುದಿಲ್ಲ. ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರ ತಲುಪುವಷ್ಟರಲ್ಲಿ ಪ್ರತಿ ಸಲವೂ ಬಲಗಿವಿ ಕಟ್ಟಿಕೊಳ್ಳುತ್ತದೆ, ಕೆಲವೊಮ್ಮೆ ಮರುದಿನ ಬೆಳಿಗ್ಗೆಯವರೆಗೂ ಬಿಡುವುದಿಲ್ಲ. ಅಣ್ಣನಿಗೆ ಐವತ್ತೆರಡು, ಚಳಿಗಾಲದಲ್ಲಿ ಇನ್ಹೇಲರ್ ಬಳಸುತ್ತಾನೆ. ಮಗಳು ಹಾಕಿದ ಕಾರ್ಯಕ್ರಮ ಹೀಗಿದೆ: ಬೆಳಿಗ್ಗೆ ದೋಣಿ, ಒಂದು ಗಂಟೆಗೆ ಮುರುಡೇಶ್ವರಕ್ಕೆ ವಾಪಸ್, ಊಟ, ಬೈಂದೂರು ಮೇಲೆ ಕೊಲ್ಲೂರು, ಅಲ್ಲಿಂದ ಜೀಪಿನಲ್ಲಿ ಕೊಡಚಾದ್ರಿಯ ಸೂರ್ಯಾಸ್ತ, ರಾತ್ರಿ ಮನೆ.

ಡೈವಿಂಗ್ ನಡೆಸುವವರಿಗೆ ಫೋನ್ ಮಾಡಿದೆ. ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಆ ಹುಡುಗ ಒಂದೇ ಉತ್ತರ ಕೊಟ್ಟ: "ಏನೂ ಆಗುವುದಿಲ್ಲ ಮೇಡಂ." ಆ ಉತ್ತರವೇ ನನ್ನನ್ನು ಇಲ್ಲಿಗೆ ಕರೆತಂದದ್ದು. ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಅಳ್ವೆಕೋಡಿ ದೋಣಿ (ನವೆಂಬರ್ 18)

ಅಕ್ಕೋರೇ, ನಮ್ಮ ಕಡೆ ಶಾಲೆಯ ಟೀಚರನ್ನು ಹೀಗೆ ಕರೆದೇ ರೂಢಿ. ನಾನು ಭಟ್ಕಳ ಕಡೆಯವನು. ಅಪ್ಪ ನೇತ್ರಾಣಿಯ ಸುತ್ತ ಬಲೆ ಬಿಟ್ಟವರು. ನಾನು ಹನ್ನೊಂದು ವರ್ಷಗಳಿಂದ ಅದೇ ನೀರಿನಲ್ಲಿ ಜನರನ್ನು ಕೈ ಹಿಡಿದು ಇಳಿಸುತ್ತಿದ್ದೇನೆ.

ಮೊದಲು ಕೊಡಚಾದ್ರಿಯ ಮಾತು, ಏಕೆಂದರೆ ನಿಮ್ಮ ಕಾರ್ಯಕ್ರಮದಲ್ಲಿ ನನಗೆ ಕಂಡ ದೊಡ್ಡ ತಪ್ಪು ಅದು. ಡೈವ್ ಮುಗಿಸಿ ಅದೇ ದಿನ ಬೆಟ್ಟ ಹತ್ತಬೇಡಿ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅಷ್ಟರೊಳಗೆ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಕೀಲಿನಲ್ಲಿ, ನರದಲ್ಲಿ ಗುಳ್ಳೆಯಾಗಬಹುದು. ಡೈವ್ ಮಾಡಿ ವಿಮಾನ ಹತ್ತಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಕೊಡಚಾದ್ರಿ 1343 ಮೀಟರ್. ನಿಮ್ಮ ರಕ್ತಕ್ಕೆ ಜೀಪು ಯಾವುದು, ವಿಮಾನ ಯಾವುದು ಎಂದು ಗೊತ್ತಾಗುವುದಿಲ್ಲ. ನೀವು ಇಳಿಯುವುದು ಕಡಿಮೆ ಆಳಕ್ಕೆ, ಅಪಾಯ ಸಣ್ಣದೇ. ಹಾಗಿದ್ದರೂ ಕಾರ್ಯಕ್ರಮವನ್ನು ತಿರುಗಿಸಿದರೆ ಅಷ್ಟೂ ಉಳಿಯುವುದಿಲ್ಲ: ಮೊದಲ ದಿನ ಕೊಡಚಾದ್ರಿ, ಎರಡನೆಯ ದಿನ ನೇತ್ರಾಣಿ, ರಾತ್ರಿ ಮುರುಡೇಶ್ವರದಲ್ಲೇ ನಿದ್ದೆ.

ಇನ್ನು ಕಿವಿ. ನೀವು ವಿಜ್ಞಾನದವರು, ಲೆಕ್ಕವನ್ನೇ ಇಡುತ್ತೇನೆ. ಸಾಗರದಿಂದ ಸಮುದ್ರಮಟ್ಟಕ್ಕೆ ಇಳಿದರೆ ಗಾಳಿಯ ಒತ್ತಡ ನೂರಕ್ಕೆ ಸುಮಾರು ಏಳು ಪಾಲು ಹೆಚ್ಚಾಗುತ್ತದೆ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಇಡೀ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ಅಂದರೆ ಇಡೀ ಘಟ್ಟ ಇಳಿದಾಗ ನಿಮ್ಮ ಕಿವಿಗೆ ಬರುವ ಒತ್ತಡ ನೀರಿನಲ್ಲಿ ಮೊದಲ ಎಪ್ಪತ್ತು ಸೆಂಟಿಮೀಟರ್‌ನಲ್ಲೇ ಬಂದುಬಿಡುತ್ತದೆ. ಸೊಂಟದಷ್ಟು ನೀರೂ ಅಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಘಟ್ಟದಲ್ಲಿ ನೀವು ಕಿವಿ ತಾನೇ ಬಿಡಲಿ ಎಂದು ಕಾಯುತ್ತೀರಿ, ನೀರಿನಲ್ಲಿ ಕಾಯುವಂತಿಲ್ಲ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಬೇಕು. ಅರ್ಧ ಮೀಟರಿಗೊಮ್ಮೆ, ನೋವು ಬರುವ ಮೊದಲೇ. ನೋವು ಬಂದ ಮೇಲೆ ಊದಿದರೆ ತಡವಾಯಿತು. ಬಿಡದಿದ್ದರೆ ಅರ್ಧ ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಹಗ್ಗ ಹಿಡಿದು ಕಾಲು ಕೆಳಗೆ, ತಲೆ ಮೇಲೆ ಇರುವಂತೆ ಇಳಿಸಿ ಎಂದು ಕೇಳಿ. ತಲೆಕೆಳಗಾಗಿ ಇಳಿದರೆ ಕಿವಿ ಇನ್ನಷ್ಟು ಹಟ ಮಾಡುತ್ತದೆ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನೆಗಡಿಯನ್ನು ಮುಚ್ಚಿಟ್ಟು ಇಳಿದ. ಕಟ್ಟಿದ ಹಣ ಹೋಗುತ್ತದೆ ಎನ್ನುವುದು ಅವನ ಚಿಂತೆ. ಮೂರು ಮೀಟರ್‌ನಲ್ಲಿ "ಸರಿಯಿದೆಯೇ" ಎಂದು ಸನ್ನೆ ಮಾಡಿದೆ, "ಸರಿ" ಎಂದ. ನಾಲ್ಕರಲ್ಲಿಯೂ "ಸರಿ" ಎಂದ. ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತ, ದೋಣಿಯಲ್ಲಿ ಕೂರಲಾಗದಷ್ಟು ತಲೆಸುತ್ತು. ನಾನು ಅವನ ಕೈ ನೋಡಿದ್ದೆ, ಕಣ್ಣು ನೋಡಿರಲಿಲ್ಲ. ಅಂದಿನಿಂದ ದೋಣಿಯಲ್ಲಿಯೇ ಪ್ರತಿಯೊಬ್ಬರೂ ನನ್ನ ಎದುರು ಮೂಗು ಹಿಡಿದು ಊದಿ ತೋರಿಸಬೇಕು. ಎರಡೂ ಕಿವಿ ಟಕ್ ಎನ್ನದಿದ್ದರೆ ನಾನು ಇಳಿಸುವುದಿಲ್ಲ.

ಈಜು ಬೇಕಿಲ್ಲ ಎನ್ನುವುದು ಇಂಥ ಮೊದಲ ಡೈವ್‌ಗೆ ನಿಜ. ಇಡೀ ಹೊತ್ತು ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದಿರುತ್ತಾನೆ, 12 ಮೀಟರ್ ಮೀರಿ ಇಳಿಸುವಂತಿಲ್ಲ. ಬೇಕಾಗಿರುವುದು ಮುಖ ನೀರಿನಲ್ಲಿದ್ದಾಗಲೂ ಬಾಯಿಯಲ್ಲಿ ಉಸಿರಾಡುವ ಅಭ್ಯಾಸ. ಸ್ನಾನದ ಮನೆಯಲ್ಲಿ ಚೊಂಬಿನಿಂದ ಮೂಗಿನ ಮೇಲೆ ನಿಧಾನವಾಗಿ ನೀರು ಸುರಿದುಕೊಳ್ಳುತ್ತಾ ಬಾಯಿಯಲ್ಲಿ ಉಸಿರಾಡಿ. ಐದು ನಿಮಿಷ ಗಾಬರಿಯಾಗದೆ ಇರಲು ಸಾಧ್ಯವಾದರೆ, ಮಾಸ್ಕಿಗೆ ನೀರು ನುಗ್ಗಿದಾಗ ನೀವು ಉಳಿದವರಂತೆ ಮೇಲಕ್ಕೆ ಒದ್ದಾಡುವುದಿಲ್ಲ.

ಆ ಒದ್ದಾಟವೇ ನನಗೆ ಭಯ. ಕೆಳಗೆ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಹತ್ತು ಮೀಟರ್‌ನಲ್ಲಿ ಎಳೆದುಕೊಂಡ ಮೂರು ಲೀಟರ್ ಮೇಲೆ ಬರುವಾಗ ಆರು ಲೀಟರ್ ಆಗಬೇಕು, ಶ್ವಾಸಕೋಶದಲ್ಲಿ ಅಷ್ಟು ಜಾಗವಿಲ್ಲ. ಆಳ ಕಡಿಮೆ ಎಂದು ಇದು ಕಡಿಮೆಯಾಗುವುದಿಲ್ಲ. ಮೇಲಿನ ಕೆಲವು ಮೀಟರುಗಳಲ್ಲಿಯೇ ಹಿಗ್ಗುವಿಕೆ ಹೆಚ್ಚು. ಉಸಿರನ್ನು ಎಂದೂ ಹಿಡಿಯಬೇಡಿ, ಫೋಟೊಗೆ ನಿಂತಾಗಲೂ.

ಬೆನ್ನ ಮೇಲಿರುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರೊಳಗಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿಸಿದ್ದು. ಶುದ್ಧ ಆಮ್ಲಜನಕವನ್ನು ಆರೇಳು ಮೀಟರ್ ಮೀರಿ ಉಸಿರಾಡಿದರೆ ಅದೇ ವಿಷವಾಗುತ್ತದೆ. ಇಳಿಯುವ ಮೊದಲು ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್‌ನಿಂದ ಎರಡು ಉಸಿರು ಎಳೆದು ನೋಡಿ, ಎಣ್ಣೆಯ ಅಥವಾ ಹೊಗೆಯ ವಾಸನೆ ಬಂದರೆ ಆ ಸಿಲಿಂಡರ್ ಬೇಡ ಎನ್ನಿ. ಗಾಳಿ ತುಂಬುವ ಕಂಪ್ರೆಸರ್ ಪಕ್ಕದಲ್ಲಿ ಎಂಜಿನ್ ಹೊಗೆಯಿದ್ದರೆ ಅದೂ ಒಳಗೆ ಸೇರಿರುತ್ತದೆ.

ಕೊನೆಯದಾಗಿ, ಹೆಬ್ಬೆರಳು. ನೆಲದ ಮೇಲೆ ಹೆಬ್ಬೆರಳೆತ್ತಿದರೆ "ಚೆನ್ನಾಗಿದೆ". ನೀರಿನಲ್ಲಿ ಅದರ ಅರ್ಥ "ಮೇಲೆ ಹೋಗೋಣ". ಕಾರಣ ಕೇಳುವ ಹಕ್ಕು ಯಾವ ಇನ್‌ಸ್ಟ್ರಕ್ಟರ್‌ಗೂ ಇಲ್ಲ.

ಕಿವಿ ಮೂಗು ಗಂಟಲು, ಹುಬ್ಬಳ್ಳಿ (ನವೆಂಬರ್ 19)

ಮೇಲಿನವರು ಬರೆದದ್ದಕ್ಕೆ ವೈದ್ಯೆಯಾಗಿ ಸ್ವಲ್ಪ ಸೇರಿಸುತ್ತೇನೆ.

ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯೂಸ್ಟೇಷಿಯನ್ ನಾಳ ಒತ್ತಡವನ್ನು ಸರಿದೂಗಿಸುತ್ತದೆ. ಮರುದಿನದವರೆಗೂ ಬಲಗಿವಿ ಬಿಡುವುದಿಲ್ಲ ಎಂದರೆ ಆ ಕಡೆಯ ನಾಳ ಮಂದವಾಗಿದೆ ಎಂದರ್ಥ. ಅಲರ್ಜಿ, ವಕ್ರ ಮೂಗಿನ ನಡುಗೋಡೆ, ಹಳೆಯ ಸೈನಸ್, ಕಾರಣ ಹಲವು. ಹೋಗುವ ಮೊದಲು ಕಿವಿಯ ತಮಟೆಯನ್ನು ತೋರಿಸಿ, ತಮಟೆ ಒತ್ತಡಕ್ಕೆ ಹೇಗೆ ಅಲುಗುತ್ತದೆ ಎಂದು ನೋಡುವ ಟಿಂಪನೊಮೆಟ್ರಿ ಮಾಡಿಸಿ, ಹತ್ತು ನಿಮಿಷದ ಕೆಲಸ. ತಮಟೆಯಲ್ಲಿ ರಂಧ್ರವಿದ್ದರೆ ನೀರಿಗಿಳಿಯಲೇಬಾರದು. ತಣ್ಣೀರು ಒಳಗೆ ಹೋದ ಕ್ಷಣ ಮೇಲೆ ಕೆಳಗೆ ತಿಳಿಯದಷ್ಟು ತಲೆ ಸುತ್ತುತ್ತದೆ.

"ಮೆತ್ತಗೆ ಊದಿ" ಎಂಬ ಮಾತಿನಲ್ಲಿ ಮೆತ್ತಗೆ ಎನ್ನುವುದೇ ಮುಖ್ಯ. ಬಲವಾಗಿ ಊದಿ ಒಳಗಿವಿಯ ಪೊರೆ ಹರಿದುಕೊಂಡವರನ್ನು ನೋಡಿದ್ದೇನೆ, ಶ್ರವಣಶಕ್ತಿ ಪೂರ್ತಿ ಮರಳದಿರಬಹುದು. ಮೂಗು ಹಿಡಿದು ಎಂಜಲು ನುಂಗಿದರೂ ಹಲವರಿಗೆ ಕಿವಿ ಬಿಡುತ್ತದೆ.

ಮೂಗು ಬಿಡಿಸುವ ಸ್ಪ್ರೇ ಹಾಕಿಕೊಂಡು ಇಳಿಯುವ ಉಪಾಯವನ್ನು ಯಾರಾದರೂ ಹೇಳಿಯಾರು. ಅದರ ಪ್ರಭಾವ ನೀರಿನಡಿಯಲ್ಲಿ ಕಳೆದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಇಳಿಯುವಾಗ ಕಿವಿ ಕಟ್ಟಿದರೆ ಇಳಿಯದೆ ಇರಬಹುದು, ಏರುವಾಗ ಕಟ್ಟಿದರೆ ಏರದೆ ಇರಲಾಗದು.

ನಿಮ್ಮ ಅಣ್ಣನ ಬಗ್ಗೆ: ಶ್ವಾಸರೋಗ ತಜ್ಞರ ಬಳಿ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಮಾಡಿಸದೆ ಅವರು ಡೈವ್ ಮಾಡಬಾರದು. ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡು ಏರುವಾಗ ಹಿಗ್ಗಿದರೆ, ಉಸಿರು ಹಿಡಿಯದಿದ್ದರೂ ಶ್ವಾಸಕೋಶ ಹರಿಯಬಹುದು. ಸಿಲಿಂಡರಿನ ಒಣ ಗಾಳಿಯೂ ಉಬ್ಬಸವನ್ನು ಕೆರಳಿಸುತ್ತದೆ. ಅಲ್ಲಿ ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ದೋಣಿ ಹೊರಡುವ ಅವಸರದಲ್ಲಿ ಎಲ್ಲದಕ್ಕೂ "ಇಲ್ಲ" ಎಂದು ಗೀಚುವವರೇ ಹೆಚ್ಚು. ಅದನ್ನು ಮೊದಲೇ ತರಿಸಿಕೊಂಡು ಮನೆಯಲ್ಲಿ ಕೂತು ಭರ್ತಿ ಮಾಡಿ.

ಜಯನಗರದ ಗೌಡ (ನವೆಂಬರ್ 19)

ಎತ್ತರದ ವಿಷಯ ನೋಡಿ ಬರೆಯಲೇಬೇಕೆನಿಸಿತು. ನನಗೆ ಪ್ರಮಾಣಪತ್ರವಿದೆ, ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಕಲಿತವನು, ನಲವತ್ತರ ಹತ್ತಿರ ಡೈವ್‌ಗಳಾಗಿವೆ. ಕಳೆದ ವರ್ಷ ನೇತ್ರಾಣಿಯಲ್ಲಿ ಎರಡು ದಿನದಲ್ಲಿ ನಾಲ್ಕು ಡೈವ್ ಮಾಡಿ, ಕೊನೆಯದು ಮುಗಿದ ಮೂರೇ ಗಂಟೆಯಲ್ಲಿ ಕಾರು ಹತ್ತಿ ಬೆಂಗಳೂರಿಗೆ ಹೊರಟೆ. ಕೈಯಲ್ಲಿದ್ದ ಡೈವ್ ಕಂಪ್ಯೂಟರ್‌ನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರ ಇನ್ನೂ ಇತ್ತು, ಅಂದರೆ ಈಗಲೇ ವಿಮಾನ ಹತ್ತಬೇಡ ಎಂಬ ಸೂಚನೆ. ನಾನು ಹೋಗುತ್ತಿರುವುದು ರಸ್ತೆಯಲ್ಲಿ, ಅದು ನನಗಲ್ಲ ಎಂದುಕೊಂಡೆ.

ಶಿವಮೊಗ್ಗ ದಾಟಿದ ಮೇಲೆ ಎಡಭುಜ ನೋಯತೊಡಗಿತು. ಚೀಲ ಎತ್ತಿದ್ದರಿಂದ ಎಂದುಕೊಂಡೆ. ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ ಸ್ನಾಯು ಸೆಳೆತವೆಂದು ಮಾತ್ರೆ ಕೊಟ್ಟರು. ಡೈವ್ ಮಾಡಿದ್ದೆ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಸಂಜೆ ನನಗೆ ಕಲಿಸಿದ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿದಾಗ ಅವರ ದನಿಯೇ ಬದಲಾಯಿತು. ತಕ್ಷಣ ಆಮ್ಲಜನಕ ಕೊಡಿಸಿಕೊಳ್ಳಲು ಹೇಳಿ, ಡೈವಿಂಗ್ ಬಲ್ಲ ವೈದ್ಯರೊಬ್ಬರನ್ನು ಸಂಪರ್ಕಿಸಿಕೊಟ್ಟರು. ಗಾಳಿಯ ಒತ್ತಡ ಹೆಚ್ಚಿಸುವ ಕೊಠಡಿಯಲ್ಲಿ ಚಿಕಿತ್ಸೆಯಾದ ಮೇಲೆ ನೋವು ಹೋಯಿತು. ಬೆನ್ನುಹುರಿಗೆ ಬಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಮಾತ್ರ ಇನ್ನೂ ಹೋಗಿಲ್ಲ.

ಡೈವಿಂಗ್ ಸುರಕ್ಷತೆಗಾಗಿ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಮುಂದಿಟ್ಟಿರುವ ಮಾರ್ಗಸೂಚಿಯನ್ನು ಆಮೇಲೆ ಓದಿದೆ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳಾಗಿದ್ದರೆ 18 ಗಂಟೆ ಕಾಯಬೇಕು. ಅದು ಅನ್ವಯಿಸುವುದು ಸುಮಾರು 600ರಿಂದ 2400 ಮೀಟರ್ ಎತ್ತರಕ್ಕೆ. ಬೆಂಗಳೂರು ಇರುವುದೇ 900 ಮೀಟರ್ ಮೇಲೆ. ಕರಾವಳಿಯಲ್ಲಿ ಡೈವ್ ಮಾಡಿ ಅದೇ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿರುವವರು ದಯವಿಟ್ಟು ಇದನ್ನು ಓದಿ.

ಶರಾವತಿ ಟೀಚರ್ (ನವೆಂಬರ್ 20)

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಎಲ್ಲವನ್ನೂ ಮುದ್ರಿಸಿ ಮಗಳಿಗೂ ಅಣ್ಣನಿಗೂ ಓದಿ ಹೇಳಿದೆ. ಎಪ್ಪತ್ತು ಸೆಂಟಿಮೀಟರಿನ ಲೆಕ್ಕವನ್ನು ಇಂದು ಒಂಬತ್ತನೆಯ ತರಗತಿಯಲ್ಲಿ ಮಕ್ಕಳಿಂದಲೇ ಮಾಡಿಸಿದೆ.

ಎರಡು ಪ್ರಶ್ನೆಗಳು ಉಳಿದಿವೆ. ನಮ್ಮ ಸಾಗರವೇ 600 ಮೀಟರಿನ ಆಸುಪಾಸಿನಲ್ಲಿದೆ. ಹಾಗಾದರೆ ಅದೇ ಸಂಜೆ ಮನೆಗೂ ಹೋಗಬಾರದೇ? ಮತ್ತು ಆ ಫೋನಿನ ಹುಡುಗನಿಗೆ ಮತ್ತೆ ಫೋನ್ ಮಾಡಿದರೆ ಏನು ಕೇಳಬೇಕು, "ಏನೂ ಆಗುವುದಿಲ್ಲ" ಎಂದು ಉತ್ತರಿಸಲಾಗದಂಥದ್ದು?

ಅಳ್ವೆಕೋಡಿ ದೋಣಿ (ನವೆಂಬರ್ 20)

ನೀವು ಗಡಿಯಲ್ಲಿದ್ದೀರಿ ಅಕ್ಕೋರೇ. ಆರೆಂಟು ಮೀಟರಿನ ಒಂದೇ ಡೈವ್, ಅರ್ಧ ಗಂಟೆ ಒಳಗೆ. ಏನಾದರೂ ಆಗುವ ಸಾಧ್ಯತೆ ಬಹಳ ಕಡಿಮೆ. ಆದರೂ ಬೆಳಿಗ್ಗೆ ಹೋದರೆ ನಿಮಗೆ ಏನೂ ನಷ್ಟವಿಲ್ಲ. ನಾನಾದರೆ ನನ್ನ ಅಮ್ಮನನ್ನು ಆ ರಾತ್ರಿ ಘಟ್ಟ ಹತ್ತಿಸುವುದಿಲ್ಲ.

ಫೋನಿನಲ್ಲಿ ಹೌದು, ಇಲ್ಲ ಎಂಬ ಪ್ರಶ್ನೆ ಕೇಳಬೇಡಿ. "ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ ಇರುತ್ತೇವೆ?" ನಿಮ್ಮಂಥ ಈಜು ಬಾರದವರಿಗೆ ಒಬ್ಬರಿಗೆ ಒಬ್ಬ ಬೇಕು. "ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಎಲ್ಲಿಡುತ್ತೀರಿ?" ಇಟ್ಟಿರುವವರು ಜಾಗ ಹೇಳುತ್ತಾರೆ, ಇಲ್ಲದವರು ಮಾತು ತಿರುಗಿಸುತ್ತಾರೆ. "ಮೇಲೆ ಬಂದ ಮೇಲೆ ತಲೆ ಎಣಿಸುವವರು ಯಾರು?" ದಡದಿಂದ ದ್ವೀಪ ಸುಮಾರು 19 ಕಿಲೋಮೀಟರ್. ಅಲ್ಲಿ ಒಬ್ಬರು ಕಡಿಮೆಯಾದದ್ದು ಇಲ್ಲಿ ಬಂದು ತಿಳಿಯಬಾರದು. "ಗಾಳಿ ಜೋರಾಗಿ ದೋಣಿ ಹೊರಡದಿದ್ದರೆ ಹಣ ಏನಾಗುತ್ತದೆ?" ವಾಪಸ್ ಕೊಡುವವರು ಕೆಟ್ಟ ಕಡಲಿಗೆ ನಿಮ್ಮನ್ನು ಒಯ್ಯುವುದಿಲ್ಲ.

ಬೆಳಗಿನ ಮೊದಲ ದೋಣಿಯನ್ನೇ ಕೇಳಿ, ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ. ಒಂದೂವರೆ ಗಂಟೆಯ ಪ್ರಯಾಣ, ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ.

ಶರಾವತಿ ಟೀಚರ್ (ಡಿಸೆಂಬರ್ 24)

ಹೋಗಿಬಂದೆವು. ಬರೆಯುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ, ಆದರೆ ನಿಮಗೆ ತಿಳಿಸದೆ ಇರುವುದು ಸರಿಯಲ್ಲ.

ಆ ನಾಲ್ಕು ಪ್ರಶ್ನೆಗಳನ್ನು ಮೊದಲಿನವರಿಗೆ ಕೇಳಿದೆ. ಆಮ್ಲಜನಕದ ಪೆಟ್ಟಿಗೆಯ ಮಾತು ಬಂದಾಗ ಅವರು ಫೋಟೊ ಮತ್ತು ವಿಡಿಯೊ ಉಚಿತವೆಂದು ಹೇಳತೊಡಗಿದರು. ಬೇರೆಯವರನ್ನು ಹುಡುಕಿದೆವು, ಮುಂಗಡ ಹೋಯಿತು. ಮಗಳಿಗೆ ಒಂದು ದಿನ ಬೇಸರವಿತ್ತು. ಅಣ್ಣನಿಗೆ ಶಿವಮೊಗ್ಗದ ವೈದ್ಯರು ಸ್ಪೈರೋಮೆಟ್ರಿ ನೋಡಿ ಬೇಡವೆಂದರು. ನನ್ನ ಕಿವಿಯ ತಮಟೆ ಸರಿಯಿದೆ, ನಾಳ ಮಂದ. ನೋವು ಬಂದಲ್ಲಿಗೆ ನಿಲ್ಲಿಸುವುದಾದರೆ ಪ್ರಯತ್ನಿಸಬಹುದು ಎಂದರು.

ಶುಕ್ರವಾರ ಕೊಡಚಾದ್ರಿ. ಶನಿವಾರ ಗಾಳಿಯಿಂದಾಗಿ ದೋಣಿ ಹೊರಡಲಿಲ್ಲ. ಭಾನುವಾರ ಏಳೂವರೆಗೆ ಹೊರಟೆವು. ದ್ವೀಪದ ಬಂಡೆಯ ಮೇಲೆ ಹರಕೆಗೆ ಬಿಟ್ಟ ಆಡುಗಳು ನಿಂತಿದ್ದವು. ಅಣ್ಣ ದೋಣಿಯಲ್ಲೇ ಕೂತು ಬಿಳಿ ಹೊಟ್ಟೆಯ ಕಡಲ ಹದ್ದನ್ನು ಎರಡು ಗಂಟೆ ನೋಡಿದ.

ನಾನು ಹಗ್ಗ ಹಿಡಿದು ಇಳಿದೆ. ಬಾಯಿಯಲ್ಲಿ ಉಸಿರಾಡುವುದು ಕಷ್ಟವಾಗಲಿಲ್ಲ, ಚೊಂಬಿನ ಅಭ್ಯಾಸ ಕೈಹಿಡಿಯಿತು. ಒಂದು ಮೀಟರಿನಲ್ಲಿ ಎಡಗಿವಿ ಬಿಟ್ಟಿತು, ಬಲಗಿವಿ ಬಿಡಲಿಲ್ಲ. ಕಿವಿ ತೋರಿಸಿ ಅಂಗೈ ಅಲುಗಿಸಿದೆ. ಇನ್‌ಸ್ಟ್ರಕ್ಟರ್ ಅರ್ಧ ಮೀಟರ್ ಮೇಲೆತ್ತಿದರು. ಮತ್ತೆ ಇಳಿದೆವು, ಮತ್ತೆ ಏರಿದೆವು. ಮೂರನೆಯ ಸಲ ಎರಡು ಮೀಟರಿನ ಹತ್ತಿರ ಸೂಜಿ ಚುಚ್ಚಿದಂತಾಯಿತು. ಹೆಬ್ಬೆರಳೆತ್ತಿದೆ. ಅವರು ಏನೂ ಕೇಳದೆ ಮೇಲೆ ಕರೆತಂದರು.

ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಅವರು ಲೈಫ್ ಜಾಕೆಟ್, ಮಾಸ್ಕ್, ಉಸಿರಿನ ಕೊಳವೆ ತೊಡಿಸಿ, ತೇಲುವ ಬಳೆ ಹಿಡಿಸಿ, ಬಂಡೆಯ ಅಂಚಿನವರೆಗೆ ಎಳೆದುಕೊಂಡು ಹೋದರು. ನೀರು ತಿಳಿಯಾಗಿತ್ತು. ಬಾಟಲಿಯಲ್ಲಿದ್ದ ಆ ಬಿಳಿ ತುಂಡು ಇಲ್ಲಿ ಕಂದು, ಹಸಿರು, ನೇರಳೆಯಾಗಿ ಬಂಡೆಯ ಮೈತುಂಬ ಹರಡಿತ್ತು. ಗಿಳಿಮೀನುಗಳು ಅದನ್ನು ಕಡಿಯುವ ಕಟಕಟ ಸದ್ದು ನೀರಿನ ಮೇಲಿದ್ದ ನನಗೂ ಕೇಳಿಸಿತು. ಕಡಲತಡಿಯ ಬಿಳಿ ಮರಳಿನಲ್ಲಿ ಇವುಗಳ ಪಾಲೂ ಇದೆ ಎಂದು ಪಾಠ ಮಾಡಿದ್ದೆ, ಸದ್ದಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಮಗಳು ನನ್ನ ಕೆಳಗೇ ಎಂಟು ಮೀಟರಿನಲ್ಲಿದ್ದಳು. ಅವಳು ಉಸಿರು ಬಿಟ್ಟಾಗಲೆಲ್ಲ ಗುಳ್ಳೆಗಳು ಹೊರಟು, ಏರುತ್ತಾ ಏರುತ್ತಾ ಹಿಗ್ಗಿ, ನನ್ನ ಮುಖದ ಹತ್ತಿರ ಬರುವಾಗ ತಟ್ಟೆಯಂತೆ ಅಗಲವಾಗಿ ಒಡೆಯುತ್ತಿದ್ದವು. ಬಾಯ್ಲ್‌ನ ನಿಯಮವನ್ನು ನಾನು ಸಿರಿಂಜಿನಲ್ಲಿ ತೋರಿಸುತ್ತಿದ್ದೆ.

ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಸೋಮವಾರ ಬೆಳಿಗ್ಗೆ ಘಟ್ಟ ಹತ್ತಿದೆವು. ಜನವರಿ ಎರಡನೆಯ ವಾರ ಮೂಗಿನ ಅಲರ್ಜಿಗೆ ಚಿಕಿತ್ಸೆ ಆರಂಭ. ವೈದ್ಯರು ಎರಡು ತಿಂಗಳು ಬೇಕೆಂದಿದ್ದಾರೆ. ನೇತ್ರಾಣಿಗೆ ದೋಣಿ ಯಾವಾಗಿನವರೆಗೆ ಹೋಗುತ್ತದೆ?

ಅಳ್ವೆಕೋಡಿ ದೋಣಿ (ಡಿಸೆಂಬರ್ 24)

ಮಳೆಗಾಲಕ್ಕೆ ಮುಂಚೆ, ಮೇ ಮಧ್ಯದವರೆಗೂ ಹೋಗುತ್ತದೆ ಅಕ್ಕೋರೇ. ಪರೀಕ್ಷೆಗಳು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಬನ್ನಿ. ಹಿಂದಿನ ದಿನ ಗಾಳಿ ಹೇಗಿದೆಯೆಂದು ಇಲ್ಲಿ ಕೇಳಿ, ನೋಡಿ ಹೇಳುತ್ತೇನೆ.